ಹೇಜೆಲ್‌ಳನ್ನ ವಾಪಸ್ ಕೊಡೋ ದಿನ ಹತ್ರ ಬಂತು, ಅಮ್ಮನಿಗೆ ಹೇಗೆ ಹೇಳಲಿ?

ತುಂಗೆತೀರ

ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ಈಗ ಇರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಅಂಗವಿಕಲರಿಗೆ ಸರ್ವಿಸ್ ಡಾಗ್‌ಗಳನ್ನ ಉಚಿತವಾಗಿ ಕೊಡೋ ಒಂದು ಸೇವಾಸಂಸ್ಥೆಗೆ ನಾವು ಪಪ್ಪಿ ರೈಸರ್‌ಗಳು. ಎಂಟು ವಾರದ ಮರಿ ನಮ್ಮ ಮನೆಗೆ ಬರುತ್ತೆ. ಸುಮಾರು ಒಂದೂವರೆ ವರ್ಷ ಸಾಕಿ, ಕೂರೋದು, ನಿಲ್ಲೋದು, ಜನರ ನಡುವೆ ಸುಮ್ಮನಿರೋದು ಎಲ್ಲ ಕಲಿಸಿ ಸಂಸ್ಥೆಗೆ ವಾಪಸ್ ಕೊಡಬೇಕು. ಅಲ್ಲಿ ವೃತ್ತಿಪರ ಟ್ರೈನರ್‌ಗಳು ಇನ್ನೂ ಆರೇಳು ತಿಂಗಳು ಕಲಿಸಿ, ತಕ್ಕ ವ್ಯಕ್ತಿಗೆ ಜೊತೆ ಮಾಡ್ತಾರೆ. ನಮ್ಮ ಮನೆಯಲ್ಲಿರೋವರೆಗೆ ಊಟ, ಡಾಕ್ಟರ್ ಖರ್ಚು ನಮ್ಮದೇ.

ನಮ್ಮವಳು ಹೇಜೆಲ್. ಕಪ್ಪು ಬಣ್ಣ, ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ಬೆರಕೆ. ಒಂದು ಸೂಲಿನ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಹೆಸರಿಡ್ತಾರೆ, ಇವಳ ಸೂಲಿಗೆ 'ಹ' ಬಂದಿತ್ತು. ಅಮ್ಮ ಊರಿಂದ ಬಂದ ಮೂರನೇ ದಿನಕ್ಕೆ ಇವಳು 'ಹೇಮ' ಆಗಿಬಿಟ್ಟಳು. ಅಮ್ಮ ಕರೆದ್ರೆ ಓಡಿ ಬರ್ತಾಳೆ ಕೂಡ.

ಮುಂದಿನ ತಿಂಗಳು 14ಕ್ಕೆ ಅವಳನ್ನ ಬಿಟ್ಟು ಬರಬೇಕು. ಅಮ್ಮನಿಗೆ ಇದನ್ನ ಮೊದಲ ದಿನವೇ ಹೇಳಿದ್ದೆ. ಆಗ "ಹ್ಞೂಂ" ಅಂದಿದ್ರು. ಮೊನ್ನೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದು ನೋಡಿ, "ಕೈಯಾರೆ ಸಾಕಿದ ಜೀವಾನ ಯಾರಿಗೋ ಕೊಟ್ಟು ಬರ್ತೀಯಾ? ಇದಕ್ಕೆ ತರಲೇಬಾರದಿತ್ತು" ಅಂದ್ರು. ಎರಡು ದಿನದಿಂದ ನನ್ನ ಹತ್ರ ಸರಿಯಾಗಿ ಮಾತಿಲ್ಲ. ಬಂದ ಹೊಸದರಲ್ಲಿ ನಾಯಿ ಅಡುಗೆಮನೆ ಹೊಸ್ತಿಲು ಮುಟ್ಟಬಾರದು ಅಂತಿದ್ದವರು ಇವರೇ.

ನನಗೂ ಒಳಗೊಳಗೆ ಕರುಳು ಹಿಂಡ್ತಿದೆ. ಅಮ್ಮನಿಗೆ ಏನು ಹೇಳಲಿ? ಹೀಗೆ ಸಾಕಿ ಕೊಟ್ಟವರು ಇಲ್ಲಿ ಯಾರಾದ್ರೂ ಇದ್ದೀರಾ?

ಧಾರವಾಡ_ಪೇಡೆ

ಅಕ್ಕಾರ, ನಿಮ್ಮ ಅವ್ವಾರ ಮಾತು ಖರೇ ಐತಿ. ಮನ್ಯಾಗ ಇಟ್ಕೊಳ್ಳಾಕ ಬರಂಗಿಲ್ಲೇನ್ರಿ? ಬ್ಯಾರೆ ಮರಿ ಕೊಟ್ರಾತು ಅವರಿಗೆ.

ತುಂಗೆತೀರ

ಬರೋದಿಲ್ಲ ರೀ. ಅವಳು ಸಂಸ್ಥೆಯ ನಾಯಿ, ಮೊದಲೇ ಸಹಿ ಹಾಕಿ ತಂದಿದ್ದೀವಿ. ತಾಯಿ, ತಂದೆ ನಾಯಿಗಳ ಸ್ವಭಾವ, ಕಣ್ಣು, ಸೊಂಟದ ಕೀಲು ಎಲ್ಲ ನೋಡಿ ತಳಿ ಬೆಳೆಸಿರ್ತಾರೆ. ಒಂದು ಮರಿ ಬದಲು ಇನ್ನೊಂದು ಅಂತ ಆಗೋಲ್ಲ.

ಸ್ಯಾನ್‌ಹೋಸೆ_ಸುಬ್ಬು

ನಾವು ಎರಡು ಸಾಕಿ ಕೊಟ್ಟಿದ್ದೀವಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲನೆಯವನು ಪಾಸಾದ. ಈಗ ಸ್ಯಾಕ್ರಮೆಂಟೊ ಕಡೆ ವೀಲ್‌ಚೇರ್‌ನಲ್ಲಿರೋ ಒಬ್ಬ ಕಾಲೇಜು ಹುಡುಗಿ ಜೊತೆ ಇದ್ದಾನೆ. ಬಿದ್ದ ಪೆನ್ನು ಎತ್ತಿಕೊಡ್ತಾನೆ, ಹಗ್ಗ ಕಟ್ಟಿದ ಫ್ರಿಜ್ ಬಾಗಿಲು ಎಳೀತಾನೆ, ಲಿಫ್ಟ್ ಗುಂಡಿ ಮೂಗಿನಿಂದ ಒತ್ತುತಾನೆ, ಕಾಲುಚೀಲ ಕಳಚ್ತಾನೆ. ಎರಡನೆಯವಳು ಫೇಲು. ಅಳಿಲು ಕಂಡ್ರೆ ಅವಳಿಗೆ ಪ್ರಪಂಚವೇ ಮರೆತುಹೋಗೋದು. ಅವಳೀಗ ನಮ್ಮನೇಲೇ ಇದ್ದಾಳೆ. ಹಾಗೆ ಕೆಲಸದಿಂದ ಬಿಟ್ಟುಕೊಟ್ಟ ನಾಯಿನ ಮೊದಲು ಸಾಕಿದವರಿಗೇ ಕೇಳ್ತಾರೆ. ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಕೊನೆ ಮುಟ್ಟೋದು. ಒಂದಕ್ಕೆ ಚರ್ಮದ ಅಲರ್ಜಿ, ಇನ್ನೊಂದಕ್ಕೆ ಪಟಾಕಿ ಸದ್ದಿನ ಭಯ, ಮತ್ತೊಂದು ಕಬ್ಬಿಣದ ಮೆಟ್ಟಿಲು ಹತ್ತೋದೇ ಇಲ್ಲ.

ಆದರೆ ಅಮ್ಮನಿಗೆ "ಅರ್ಧಕ್ಕರ್ಧ ವಾಪಸ್ ಬರುತ್ತಮ್ಮ" ಅಂತ ಮಾತ್ರ ಹೇಳಬೇಡಿ. ನಾನು ನನ್ನ ಹೆಂಡತಿಗೆ ಹಾಗೆ ಹೇಳಿ ತಪ್ಪು ಮಾಡಿದೆ. ಆರು ತಿಂಗಳು ಅವಳು ಫೋನ್ ಬಂದಾಗಲೆಲ್ಲ ನಾಯಿ ಫೇಲಾಯ್ತೇನೋ ಅಂತ ಕಾಯ್ತಿದ್ದಳು.

ಪಾಸಾದ ದಿನ ವೇದಿಕೆ ಮೇಲೆ ನಾಯಿ ಹಿಡಿಯೋ ಹಗ್ಗ, ಅಂದ್ರೆ ಲೀಶ್‌ನ ನಮ್ಮ ಕೈಯಿಂದಲೇ ಆ ಹುಡುಗಿ ಕೈಗೆ ಕೊಡಿಸಿದ್ರು. ಸಾಧ್ಯವಾದ್ರೆ ಅಮ್ಮನ ವೀಸಾ ಅಲ್ಲೀವರೆಗೆ ಇರೋ ಹಾಗೆ ನೋಡ್ಕೊಳ್ಳಿ. ನಾನು ನೂರು ಸಲ ಹೇಳೋದಕ್ಕಿಂತ ಅದನ್ನೊಂದು ಸಲ ನೋಡೋದು ವಾಸಿ.

ತುಂಗೆತೀರ

ವೀಸಾ ಅವಧಿ ಇನ್ನು ಎರಡೇ ತಿಂಗಳು ಸರ್, ಅದಾಗೋಲ್ಲ. ಫೋನಿನಲ್ಲಿ ತೋರಿಸಬೇಕಷ್ಟೆ.

ಕರಾವಳಿಹುಡುಗ

ನನಗೊಂದು ಸಂಶಯ ಉಂಟು ಮಾರಾಯ್ರೆ. ಸರ್ವಿಸ್ ಡಾಗ್, ಥೆರಪಿ ಡಾಗ್, ವಿಮಾನದಲ್ಲಿ ವೆಸ್ಟ್ ಹಾಕಿಕೊಂಡು ಬರುವ ನಾಯಿ, ಎಲ್ಲ ಒಂದೇ ಅಲ್ವಾ? ನನ್ನ ರೂಮ್‌ಮೇಟ್ ಇಂಟರ್ನೆಟ್‌ನಲ್ಲಿ ದುಡ್ಡು ಕಟ್ಟಿ ಸರ್ಟಿಫಿಕೇಟ್ ತರಿಸಿಕೊಂಡಿದ್ದಾನೆ.

ಸ್ಯಾನ್‌ಹೋಸೆ_ಸುಬ್ಬು

ಒಂದೇ ಅಲ್ಲ, ಮೂರೂ ಬೇರೆ ಬೇರೆ. ಸರ್ವಿಸ್ ಡಾಗ್ ಒಬ್ಬ ಅಂಗವಿಕಲ ವ್ಯಕ್ತಿಗೆ ನಿರ್ದಿಷ್ಟ ಕೆಲಸ ಮಾಡೋಕೆ ಕಲಿತದ್ದು, ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಪ್ರಕಾರ ಅಂಗಡಿ, ಹೋಟೆಲ್, ಆಫೀಸು ಎಲ್ಲ ಕಡೆ ಪ್ರವೇಶ ಇರೋದು ಅದಕ್ಕೆ. ಥೆರಪಿ ಡಾಗ್ ತನ್ನ ಮಾಲೀಕರ ಜೊತೆ ಆಸ್ಪತ್ರೆಗೋ ಶಾಲೆಗೋ ಕರೆದಾಗ ಹೋಗಿ ಬೇರೆಯವರಿಗೆ ಸಮಾಧಾನ ಕೊಡೋ ನಾಯಿ, ಕರೆಯದ ಕಡೆ ಹೋಗೋ ಹಕ್ಕು ಅದಕ್ಕಿಲ್ಲ. ನೀವು ಹೇಳಿದ ವಿಮಾನದ ವೆಸ್ಟ್ ನಾಯಿ ಸಾಮಾನ್ಯವಾಗಿ ಎಮೋಷನಲ್ ಸಪೋರ್ಟ್, ಅಂದ್ರೆ ಜೊತೆಗಿದ್ದು ಮನಸ್ಸಿಗೆ ಸಮಾಧಾನ ಕೊಡೋ ಮನೆಯ ಸಾಕುಪ್ರಾಣಿ. 2021ರ ಜನವರಿಯಿಂದ ವಿಮಾನ ಕಂಪನಿಗಳು ಅದನ್ನ ಸರ್ವಿಸ್ ಪ್ರಾಣಿ ಅಂತ ಒಪ್ಪಬೇಕಾಗಿಲ್ಲ.

ಸರ್ಟಿಫಿಕೇಟ್ ವಿಷಯ: ಕಡ್ಡಾಯವಾದ ಸರ್ಕಾರಿ ನೋಂದಣಿ ಅನ್ನೋದೇ ಇಲ್ಲಿಲ್ಲ. ಆ ಕಾಗದಕ್ಕೆ ಯಾವ ಬೆಲೆಯೂ ಇಲ್ಲ. ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯಕ್ಕಾಗಿ ಬೇಕಾದ ನಾಯಿಯಾ? ಏನು ಕೆಲಸ ಕಲಿತಿದೆ? ಕ್ಯಾಲಿಫೋರ್ನಿಯಾದಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ರೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ನಿಮ್ಮ ಗೆಳೆಯನಿಗೆ ಹೇಳಿ.

ಎಡಿಸನ್_ಅಪ್ಪ

ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳಬೇಕು. ನನ್ನ ಮಗನಿಗೆ 13 ವರ್ಷ, ಮಸ್ಕ್ಯುಲರ್ ಡಿಸ್ಟ್ರಫಿ, ಅಂದ್ರೆ ಸ್ನಾಯುಗಳು ಬರ್ತಾ ಬರ್ತಾ ಬಲ ಕಳಕೊಳ್ಳೋ ಕಾಯಿಲೆ. ಒಂದೂವರೆ ವರ್ಷದಿಂದ ಅವನಿಗೆ ಸರ್ವಿಸ್ ಡಾಗ್ ಇದೆ. ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಸುಳ್ಳು ವೆಸ್ಟ್ ಹಾಕಿಸಿದ ಯಾರದ್ದೋ ನಾಯಿ ನಮ್ಮ ನಾಯಿ ಮೇಲೆ ಎಗರಿತು. ಗಾಯ ಚಿಕ್ಕದು. ಆದರೆ ಅದಾದ ಮೇಲೆ ಮೂರು ವಾರ ನಮ್ಮ ನಾಯಿ ಅಂಗಡಿ ಬಾಗಿಲಲ್ಲೇ ನಿಂತುಬಿಡ್ತಿತ್ತು. ಒಳಗೆ ಹೆಜ್ಜೆ ಇಡ್ತಿರಲಿಲ್ಲ. ಟ್ರೈನರ್ ಬಂದು ಮತ್ತೆ ಮೊದಲಿಂದ ಕಲಿಸಬೇಕಾಯ್ತು. ಕೆಲವರಿಗೆ ಅದು ನಾಯಿ ಜೊತೆ ಶಾಪಿಂಗ್ ಹೋಗೋ ಖುಷಿ ಇರಬಹುದು, ನನ್ನ ಮಗನಿಗೆ ಅದು ಅವನ ಕೈ.

ಕರಾವಳಿಹುಡುಗ

ಗೊತ್ತಿರಲಿಲ್ಲ ಸರ್, ಕ್ಷಮಿಸಿ. ಅವನಿಗೆ ಇದನ್ನು ಹಾಗೇ ಕಳಿಸ್ತೇನೆ.

ಲೆಕ್ಕಿಗ

ಯಾರೂ ಬೇಜಾರು ಮಾಡ್ಕೋಬೇಡಿ, ಒಂದು ಪ್ರಶ್ನೆ ಕೇಳಲೇಬೇಕು. ಇಂಥ ಒಂದು ನಾಯಿ ತಯಾರಾಗೋಕೆ 50,000 ಡಾಲರ್ ಆಸುಪಾಸು ಖರ್ಚು ಅಂತ ಸಂಸ್ಥೆಗಳೇ ಹೇಳ್ತವೆ. ಹತ್ತು ವರ್ಷ ಕೆಲಸ ಮಾಡಿದ್ರೆ ಹೆಚ್ಚು. ಅದೇ ದುಡ್ಡಿನಲ್ಲಿ ರಾಯಚೂರಿನಲ್ಲೋ ಯಾದಗಿರಿಯಲ್ಲೋ ಎಷ್ಟು ಜನರಿಗೆ ಗಾಲಿಕುರ್ಚಿ ಕೊಡಬಹುದು?

ಎಡಿಸನ್_ಅಪ್ಪ

ಗಾಲಿಕುರ್ಚಿ ಮಗನಿಗೂ ಇದೆ. ಕೈಯಿಂದ ಪೆನ್ಸಿಲ್ ಬಿದ್ರೆ ಕುರ್ಚಿ ಎತ್ತಿಕೊಡೋಲ್ಲ. ಮೊದಲು ದಿನಕ್ಕೆ ನಲವತ್ತು ಸಲ "ಅಪ್ಪಾ", "ಅಮ್ಮಾ" ಅಂತ ಕೂಗಬೇಕಿತ್ತು. ಬೆಳೆಯೋ ಹುಡುಗನಿಗೆ ಅದು ಎಷ್ಟು ನಾಚಿಕೆ ಅಂತ ನಿಮಗೆ ಗೊತ್ತಾ? ಈಗ ನಾಯಿಗೆ ಹೇಳ್ತಾನೆ. ಶಾಲೆಯಲ್ಲಿ ಮೊದಲು ಅವನ ಕುರ್ಚಿ ನೋಡಿ ಪಕ್ಕಕ್ಕೆ ಸರಿಯುತ್ತಿದ್ದ ಮಕ್ಕಳು ಈಗ ನಾಯಿ ಹೆಸರು ಕೇಳ್ತಾ ಹತ್ತಿರ ಬರ್ತಾರೆ. ಇದಕ್ಕೆ ಎಷ್ಟು ಡಾಲರ್ ಅಂತ ಬರೀತೀರಿ?

ಲೆಕ್ಕಿಗ

ಅದು ನಿಜ ಸರ್, ನಿಮ್ಮ ಮಗನ ಬಗ್ಗೆ ನನ್ನ ತಕರಾರಿಲ್ಲ. ದಾನದ ದುಡ್ಡು ಎಲ್ಲಿ ಹೋಗಬೇಕು ಅನ್ನೋ ಪ್ರಶ್ನೆ ಹಾಗೇ ಇದೆ ಅಂತ ಮಾತ್ರ ನನ್ನ ಮಾತು.

ಲೆಮಿಂಗ್ಟನ್_ಮಳೆ

ಆ ಖರ್ಚಿನಲ್ಲಿ ದೊಡ್ಡ ಪಾಲು ಜನರ ದುಡಿಮೆ ಅನ್ನೋದು ನೆನಪಿರಲಿ. ನಾನು ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿದ್ದೀನಿ, ತರಬೇತಿಯಲ್ಲಿರೋ, ಅಂಧರನ್ನ ನಡೆಸೋ ಮಾರ್ಗದರ್ಶಿ ನಾಯಿಗಳನ್ನ ಸಂಜೆ ಮನೆಗೆ ತಂದು ಮಲಗಿಸಿ ಬೆಳಗ್ಗೆ ಟ್ರೈನರ್‌ಗೆ ಒಪ್ಪಿಸೋ ಸ್ವಯಂಸೇವಕ. ನಾಯಿಗೂ ಬೆಳಗ್ಗೆ ಎಂಟಕ್ಕೆ ಡ್ಯೂಟಿ, ಸಂಜೆ ಮನೆ.

ಈ ದೇಶದಲ್ಲಿ ಇದು ಶುರುವಾಗಿದ್ದು ಇಬ್ಬರು ಹೆಂಗಸರಿಂದ. ಮ್ಯೂರಿಯಲ್ ಕ್ರುಕ್, ರೋಸಮಂಡ್ ಬಾಂಡ್ ಅಂತ. 1931ರಲ್ಲಿ ವಾಲಸಿ ಅನ್ನೋ ಊರಲ್ಲಿ ಮೊದಲ ನಾಲ್ಕು ನಾಯಿಗಳು ತಯಾರಾದವು: ಜೂಡಿ, ಫ್ಲ್ಯಾಶ್, ಫಾಲಿ, ಮೆಟಾ. ನಾಲ್ಕೂ ಜರ್ಮನ್ ಶೆಫರ್ಡ್. ಅದಕ್ಕೂ ಮೊದಲು 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳಕೊಂಡ ಸೈನಿಕರಿಗಾಗಿ ಶಾಲೆ ತೆರೆದಿದ್ರು. ಅಮೆರಿಕದಲ್ಲಿ 1929ರಲ್ಲಿ ಸೀಯಿಂಗ್ ಐ ಸಂಸ್ಥೆ ಬಂತು. ಮಾರಿಸ್ ಫ್ರಾಂಕ್ ಅನ್ನೋ ಅಂಧ ಯುವಕ ಅದರ ಹಿಂದಿನ ವರ್ಷ ಸ್ವಿಟ್ಜರ್ಲೆಂಡ್‌ಗೆ ಹೋಗಿ ಬಡ್ಡಿ ಅನ್ನೋ ನಾಯಿ ಜೊತೆ ಕಲಿತು ಬಂದಿದ್ದ. ನ್ಯೂಯಾರ್ಕ್‌ನ ಗಿಜಿಗುಟ್ಟೋ ರಸ್ತೆಯನ್ನ ಪತ್ರಕರ್ತರ ಎದುರು ದಾಟಿ ತೋರಿಸಿ, ಸ್ವಿಟ್ಜರ್ಲೆಂಡಿನಲ್ಲಿ ತರಬೇತಿ ಕೊಡಿಸಿದವರಿಗೆ "ಗೆದ್ದೆವು" ಅನ್ನೋ ಅರ್ಥದ ಒಂದೇ ಪದದ ತಂತಿ ಕಳಿಸಿದ.

ಟ್ರೈನರ್‌ಗಳ ಕೆಲಸ ಹತ್ತಿರದಿಂದ ನೋಡಿದ್ದೀನಿ. ಒಬ್ಬೊಬ್ಬರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಾವೇ ಕಲಿಸಿದ ನಾಯಿಯನ್ನ ನಂಬಿ ಪೇಟೆ ಬೀದಿಯಲ್ಲಿ ನಡೀತಾರೆ. ತಾನು ನಂಬಲಾರದ ನಾಯಿನ ಇನ್ನೊಬ್ಬರ ಕೈಗೆ ಕೊಡೋಕಾಗೋಲ್ಲ ಅನ್ನೋದೇ ಅದರ ಲೆಕ್ಕ.

ಧಾರವಾಡ_ಪೇಡೆ

ಕೆಂಪು ದೀಪ, ಹಸಿರು ದೀಪ ನೋಡಿ ನಾಯಿನೇ ದಾಟಸ್ತೈತೇನ್ರಿ? ನಮ್ಮ ಹುಬ್ಬಳ್ಳಿ ಚನ್ನಮ್ಮ ಸರ್ಕಲ್‌ನ್ಯಾಗ ಮನಶ್ಯಾರೇ ನೋಡಂಗಿಲ್ಲ ಅದನ್ನ.

ಬಿಳಿಕೋಲು

ಇಲ್ಲ, ಇದು ಎಲ್ಲರೂ ಮಾಡೋ ತಪ್ಪು. ನಾಯಿ ಸಿಗ್ನಲ್ ಓದೋಲ್ಲ. ಪಾದಚಾರಿ ಮಾರ್ಗದ ಅಂಚಿಗೆ ಬಂದಾಗ ನಿಲ್ಲುತ್ತೆ. ವಾಹನಗಳ ಸದ್ದು ಕೇಳಿ "ಮುಂದೆ" ಅಂತ ಹೇಳೋದು ಮನುಷ್ಯನೇ. ಹೇಳಿದ ಮೇಲೂ ಗಾಡಿ ನುಗ್ಗಿ ಬಂದ್ರೆ ನಾಯಿ ಕದಲೋಲ್ಲ, ಮಾತು ಮೀರುತ್ತೆ. ದಾರಿ ಗೊತ್ತಿರಬೇಕಾದ್ದು ನಮಗೆ, ಅಡ್ಡಿ ತಪ್ಪಿಸೋದು ಅದಕ್ಕೆ.

ನಾನು ಹುಟ್ಟು ಅಂಧ, ಮೈಸೂರಿನಲ್ಲಿ ಬ್ಯಾಂಕ್ ನೌಕರ. ಬರಹ ಓದಿ ಹೇಳೋ ಸ್ಕ್ರೀನ್ ರೀಡರ್‌ನಲ್ಲಿ ಈ ಚರ್ಚೆ ಪೂರ್ತಿ ಕೇಳಿದೆ. ನಾಯಿ ಇಟ್ಟುಕೊಂಡ ವಿದೇಶದ ಗೆಳೆಯರು ನನಗಿದ್ದಾರೆ, ಅವರ ನಡಿಗೆಯ ವೇಗ ಕಂಡು ಆಸೆಯೂ ಆಗಿದೆ. ಕೋಲು ಅಡ್ಡಿಯನ್ನ ಮುಟ್ಟಿ ತಿಳಿಸುತ್ತೆ, ನಾಯಿ ಮುಟ್ಟೋಕೆ ಮುಂಚೆಯೇ ಸುತ್ತಿಕೊಂಡು ಹೋಗುತ್ತೆ. ತಲೆ ಎತ್ತರಕ್ಕೆ ಚಾಚಿದ ಅಂಗಡಿ ತಗಡು ಕೋಲಿಗೆ ಸಿಗೋಲ್ಲ, ಕಲಿತ ನಾಯಿಗೆ ಸಿಗುತ್ತೆ. ನನ್ನ ಹಣೆ ಮೇಲೆ ಆ ತಗಡಿನ ಎರಡು ಗುರುತಿವೆ.

ಆದರೂ ಇವತ್ತಿನ ನಮ್ಮೂರಲ್ಲಿ ನನಗೆ ನಾಯಿ ಬೇಡ. ನಮ್ಮ ಬೀದಿಯಲ್ಲಿ ಒಂಬತ್ತು ಬೀದಿನಾಯಿಗಳಿವೆ, ಒಂದೊಂದರ ಬೊಗಳೂ ನನಗೆ ಪರಿಚಯ. ನನ್ನ ಜೊತೆ ಹೊಸ ನಾಯಿ ಬಂದ್ರೆ ಅವು ಬಿಡ್ತವಾ? ಫುಟ್‌ಪಾತ್ ಮೇಲೆ ಬೈಕು, ಮರಳು, ತೆರೆದ ಚರಂಡಿ. ನಾಯಿ ಎಲ್ಲಿ ನಡೀಬೇಕು? ಏಪ್ರಿಲ್ ಮಧ್ಯಾಹ್ನ ಡಾಂಬರು ಅದರ ಅಂಗಾಲು ಸುಡುತ್ತೆ. ಬಸ್ಸಿನಲ್ಲಿ ಕಂಡಕ್ಟರ್ ಹತ್ರ ದಿನಾ ವಾದ ಮಾಡಬೇಕು. ಅದಕ್ಕೆ ಮೊದಲು ನಡೆಯೋಕೆ ದಾರಿ ಕೊಡಿ ಅಂತೀನಿ ನಾನು.

ಕರಾವಳಿಹುಡುಗ

ಒಂದೊಂದು ನಾಯಿಯ ಬೊಗಳೂ ಪರಿಚಯ ಅಂದದ್ದು ಓದಿ ನಾನು ಎರಡು ನಿಮಿಷ ಸುಮ್ಮನೆ ಕೂತೆ ಸರ್.

ಭಾನುವಾರದ_ಭೇಟಿ

ಬಿಳಿಕೋಲು ಸರ್ ಹೇಳಿದ್ದು ಮಾರ್ಗದರ್ಶಿ ನಾಯಿಗೆ ಪೂರ್ತಿ ನಿಜ. ಆದರೆ ಥೆರಪಿ ಡಾಗ್‌ಗೆ ರಸ್ತೆ ಬೇಕಿಲ್ಲ, ಅದು ನಮ್ಮಲ್ಲೂ ಆಗುತ್ತೆ, ಆಗ್ತಿದೆ. ನಾನು ಬೆಂಗಳೂರಿನಲ್ಲಿ ಮೂರು ವರ್ಷದಿಂದ ನನ್ನ ನಾಯಿ ಜೊತೆ ಒಂದು ವಿಶೇಷ ಮಕ್ಕಳ ಶಾಲೆಗೂ ಒಂದು ವೃದ್ಧಾಶ್ರಮಕ್ಕೂ ಹೋಗ್ತೀನಿ. ನನ್ನದು ಬೀದಿಯಿಂದ ತಂದ ನಾಟಿ ನಾಯಿ, ಹೆಸರು ಕೆಂಪಿ. ಲ್ಯಾಬ್ರಡಾರೇ ಆಗಬೇಕು ಅಂತಿಲ್ಲ. ಅಪರಿಚಿತರ ಕೈ ತಾಗಿದ್ರೆ ಹಿಂಜರೀಬಾರದು, ಕುಕ್ಕರ್ ಸೀಟಿಗೂ ಕೆಳಗೆ ಬಿದ್ದ ತಟ್ಟೆಗೂ ಬೆಚ್ಚಬಾರದು. ಅಷ್ಟಿದ್ದ ಮೇಲೆ ಜಾತಿ ಕೇಳೋರು ಯಾರು?

ಹಾಂಕಾಂಗ್‌ನಲ್ಲಿ 1991ರಲ್ಲಿ ಜಿಲ್ ರಾಬಿನ್ಸನ್ ಅನ್ನೋರು 'ಡಾಕ್ಟರ್ ಡಾಗ್' ಅಂತ ಶುರು ಮಾಡಿದ್ರು, ಅದು ಚೆನ್ನೈಗೂ ಬಂತು. ಮುಂಬೈಯಲ್ಲಿ ಅನಿಮಲ್ ಏಂಜಲ್ಸ್ ಫೌಂಡೇಶನ್‌ನವರು ಇದನ್ನೇ ವೃತ್ತಿಯಾಗಿ ಮಾಡ್ತಾರೆ. ಇದಕ್ಕೆಲ್ಲ ಮುಂಚೆ ಬೋರಿಸ್ ಲೆವಿನ್ಸನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರ ಕೋಣೆಯಲ್ಲಿ, ಯಾರ ಹತ್ರವೂ ಬೆರೆಯದ ಒಬ್ಬ ಹುಡುಗ ಅವರ ನಾಯಿ ಜಿಂಗಲ್ಸ್ ಜೊತೆ ಬೆರೆತ. ಅವರು ಅದನ್ನ ಮೊದಲು ಹೇಳಿದಾಗ ಜೊತೆಯವರಲ್ಲಿ ಅನೇಕರು ನಕ್ಕಿದ್ರು, 1962ರಲ್ಲಿ ಅವರು ಅದನ್ನ ಬರೆದು ಪ್ರಕಟಿಸಿದ್ರು.

ನಮ್ಮ ಶಾಲೆಯಲ್ಲೂ ಒಬ್ಬಳು ಹುಡುಗಿ ಇದ್ದಾಳೆ, ಎಂಟು ವರ್ಷ. ಮೊದಲ ನಾಲ್ಕು ಭೇಟಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಐದನೇ ಸಲ ಕೆಂಪಿ ಬೆನ್ನಿನ ಕೂದಲಲ್ಲಿ ಬೆರಳಾಡಿಸಿದಳು. ಹನ್ನೊಂದನೇ ಸಲ "ಬಾ" ಅಂದಳು. ನಾಯಿಯಿಂದ ಆಟಿಸಂ ವಾಸಿಯಾಗುತ್ತೆ ಅಂತ ನಾನು ಯಾವತ್ತೂ ಹೇಳೋಲ್ಲ, ಆಗೋಲ್ಲ. ಅವಳ ಸ್ಪೀಚ್ ಥೆರಪಿಸ್ಟ್ ವಾರಕ್ಕೆ ಮೂರು ದಿನ ದುಡೀತಾರೆ, ಆ "ಬಾ" ಅವರದ್ದು. ಕೆಂಪಿ ಕೂತಲ್ಲಿ ಅದು ಹೊರಬಂತು, ಅಷ್ಟೆ.

ಲೆಕ್ಕಿಗ

ಇದು ನನಗೆ ಒಪ್ಪಿಗೆ. ಇದ್ದ ನಾಯಿ, ಇದ್ದ ಜನ, ಭಾನುವಾರದ ಎರಡು ಗಂಟೆ.

ಪಶುವೈದ್ಯೆ_ಹಾಸನ

ಒಂದು ಮಾತು ಸೇರಿಸ್ತೀನಿ. ಭೇಟಿ ಮುಕ್ಕಾಲು ಗಂಟೆಗಿಂತ ಉದ್ದ ಬೇಡ. ನಾಯಿ ಪದೇಪದೇ ತುಟಿ ನೆಕ್ಕಿಕೊಳ್ತಿದ್ರೆ, ನಿದ್ದೆ ಇಲ್ಲದೆ ಆಕಳಿಸ್ತಿದ್ರೆ, ಕಣ್ಣಿನ ಬಿಳಿ ಕಾಣೋ ಹಾಗೆ ಓರೆ ನೋಡ್ತಿದ್ರೆ ಅದಕ್ಕೆ ಸಾಕಾಗಿದೆ ಅಂತ ಅರ್ಥ. "ಎಷ್ಟು ಸುಮ್ಮನಿದೆ ಪಾಪ" ಅಂತ ಜನ ಮೆಚ್ಚೋವಾಗ ಎಷ್ಟೋ ಸಲ ಅದು ಹೆದರಿ ಕಲ್ಲಾಗಿರುತ್ತೆ.

ಹಳ್ಳಿಹೈದ

ಕೆಲಸದ ಪ್ರಾಣಿ ವಿಷಯ ಬಂದದ್ದಕ್ಕೆ ನಮ್ಮ ತಾತನ ನೆನಪಾಯ್ತು. ನಾಗಮಂಗಲದ ಕಡೆ. ಹೋರಿ ಪಳಗಿಸೋದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರು. ಎಳೇ ಹೋರಿಯನ್ನ ಯಾವತ್ತೂ ಇನ್ನೊಂದು ಎಳೇದರ ಜೊತೆ ಕಟ್ತಿರಲಿಲ್ಲ, ಅನುಭವಸ್ಥ ಎತ್ತಿನ ಜೊತೆ ನೊಗಕ್ಕೆ ಹಾಕೋರು. ಮೊದಲು ಬರೀ ನೊಗ, ಆಮೇಲೆ ಮರದ ದಿಮ್ಮಿ, ಕೊನೆಗೆ ನೇಗಿಲು. ಬಾರುಕೋಲು ಕೈಲಿರೋದು, ಬೀಸಿದ್ದು ನಾನು ಕಂಡಿಲ್ಲ. "ಹೊಡೆದು ಕಲಿಸಿದ ಎತ್ತು ನೀನು ಹಿಂದೆ ಇರೋವರೆಗೆ ಮಾತ್ರ ಕೆಲಸ ಮಾಡ್ತದೆ" ಅನ್ನೋರು.

ಒಂದು ಸಲ ಗದ್ದೆ ಬದುವಿನಲ್ಲಿ ಎತ್ತು ನಿಂತುಬಿಡ್ತು. ಎಷ್ಟು "ಹೋ ಹೋ" ಅಂದ್ರೂ ಇಲ್ಲ. ತಾತ ಇಳಿದು ಹೋಗಿ ನೋಡಿದ್ರೆ ಮುಂದೆ ಮಣ್ಣು ಒಳಗಿಂದ ಕೊರೆದು ಟೊಳ್ಳಾಗಿತ್ತು. ಬಿಳಿಕೋಲು ಅಣ್ಣ ಹೇಳಿದ ಮಾತು ಮೀರೋ ಬುದ್ಧಿ ಅಂದ್ರೆ ಇದೇ ಅಲ್ವಾ?

ತುಂಗೆತೀರ ಅಕ್ಕ, ನಿಮ್ಮಮ್ಮನಿಗೆ ಹೀಗೆ ಹೇಳಿ ನೋಡಿ. ನಮ್ಮ ಕಡೆ ಕುರಿ, ದನ ವಾರಕ್ಕೆ ಸಾಕೋದು ಇದೆಯಲ್ಲ? ಮರಿ ಇನ್ನೊಬ್ಬರದ್ದು, ಮೇವು ನೀರು ನಮ್ಮದು, ಬೆಳೆದ ಮೇಲೆ ಲೆಕ್ಕ. ವಾರಕ್ಕೆ ಸಾಕಿದವರು ಪ್ರೀತಿ ಮಾಡಲಿಲ್ಲ ಅಂತ ಯಾರೂ ಹೇಳೋಲ್ಲ.

ಮಲ್ಲಿಗೆಮಾಲೆ

ಮಗಳನ್ನ ಧಾರೆ ಎರೆದು ಕೊಡೋಲ್ವಾ, ಹಾಗೇ ಅಂದುಕೊಳ್ಳಿ ಅಂತ ಹೇಳಿ ಅಮ್ಮನಿಗೆ.

ತುಂಗೆತೀರ

ಅದನ್ನ ನನ್ನ ಗಂಡ ಆಗಲೇ ಹೇಳಿ ಬೈಸಿಕೊಂಡ್ರು. "ಮಗಳು ಹಬ್ಬಕ್ಕೆ ತವರಿಗೆ ಬರ್ತಾಳೆ, ಇದು ಬರುತ್ತಾ?" ಅಂದ್ರು ಅಮ್ಮ. ನನಗೂ ಆ ಹೋಲಿಕೆ ಹಿಡಿಸೋಲ್ಲ. ಹೆಣ್ಣುಮಕ್ಕಳು ಯಾರದ್ದೋ ಕೆಲಸಕ್ಕೆ ತಯಾರಾಗೋರಲ್ಲ.

ವಾರದ ಮಾತು ಇವತ್ತು ಸಂಜೆ ಹೇಳಿ ನೋಡ್ತೀನಿ. ಅಜ್ಜಿ ಮನೆಯಲ್ಲಿ ಎಮ್ಮೆ ಹಾಗೆ ಸಾಕಿದ್ರು ಅಂತ ಕೇಳಿದ ನೆನಪು.

ಶಾಸನಪ್ರಿಯ

ವಿಷಯಾಂತರ ಆದ್ರೂ ಹೇಳ್ತೀನಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಶಾಸನದ ಕಲ್ಲು ಕ್ರಿ.ಶ. 950ರ ಹೊತ್ತಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರ ಅನ್ನೋ ಯೋಧ ತನ್ನ ಒಡೆಯನಿಂದ ಮೆಚ್ಚುಗೆಯಾಗಿ ಕೇಳಿ ಪಡೆದದ್ದು 'ಕಾಳಿ' ಅನ್ನೋ ಬೇಟೆನಾಯಿ. ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು, ತಾನೂ ಸತ್ತಿತು. ಅದರ ನೆನಪಿಗೆ ದೇವಸ್ಥಾನದ ಎದುರು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಕಾದಾಡೋ ಚಿತ್ರವೂ ಇದೆ. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ, ಹೋಗಿ ನೋಡಿ.

ಧಾರವಾಡ_ಪೇಡೆ

ಊರು ಕೇಳಲಿಲ್ಲ, ಬಂಗಾರ ಕೇಳಲಿಲ್ಲ, ನಾಯಿ ಕೇಳ್ದ. ಭಾರೀ ಮನಶ್ಯಾ.

ನಿರ್ವಾಹಕ

ಶಾಸನದ ಚರ್ಚೆ ಬೆಳೆಯೋ ಹಾಗಿದ್ರೆ ಬೇರೆ ಎಳೆ ತೆರೆಯೋಣ. ಇಲ್ಲಿ ತುಂಗೆತೀರ ಅವರ ಪ್ರಶ್ನೆ ಮುಂದುವರಿಯಲಿ.

ತುಂಗೆತೀರ

ನಿನ್ನೆ ಒಂದು ಗಾಬರಿ ಆಯ್ತು, ಎಲ್ಲರಿಗೂ ಗೊತ್ತಿರಲಿ ಅಂತ ಬರೀತಿದ್ದೀನಿ. ಹೇಗಿದ್ರೂ ಹೋಗ್ತಾಳೆ, ಬಾಯಿ ಸಿಹಿ ಮಾಡೋಣ ಅಂತ ಅಮ್ಮ ಶ್ಯಾವಿಗೆ ಪಾಯಸ ಮಾಡಿ ಹೇಜೆಲ್‌ಗೆ ಒಂದು ಬಟ್ಟಲು ಹಾಕಿದ್ದಾರೆ, ದ್ರಾಕ್ಷಿ ಸಮೇತ. ನನಗೆ ಗೊತ್ತಾಗಿದ್ದು ಅರ್ಧ ಗಂಟೆ ಆದ ಮೇಲೆ. ತುರ್ತು ಆಸ್ಪತ್ರೆಗೆ ಓಡಿದ್ವಿ, ವಾಂತಿ ಮಾಡಿಸಿದ್ರು, ಎಣಿಸಿ ಏಳು ದ್ರಾಕ್ಷಿ ತೋರಿಸಿದ್ರು. ರಾತ್ರಿಯೆಲ್ಲ ಡ್ರಿಪ್. ಇವತ್ತು ರಕ್ತಪರೀಕ್ಷೆ ಸರಿಯಿದೆ. ಅಮ್ಮ ಆಸ್ಪತ್ರೆಯ ಕುರ್ಚಿ ಮೇಲೆ ಬೆಳಗಿನವರೆಗೆ ಕೂತಿದ್ರು, ನೀರೂ ಮುಟ್ಟಲಿಲ್ಲ.

ತಪ್ಪು ನನ್ನದೇ. ಚಾಕೊಲೇಟ್ ಕೊಡಬೇಡಿ ಅಂತ ಹೇಳಿದ್ದೆ, ದ್ರಾಕ್ಷಿ ಹೇಳಿರಲಿಲ್ಲ.

ಪಶುವೈದ್ಯೆ_ಹಾಸನ

ಬೇಗ ಹೋಗಿದ್ದು ಒಳ್ಳೇದಾಯ್ತು. ಹಸಿ ದ್ರಾಕ್ಷಿ, ಒಣ ದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡ ಕೆಡಿಸಬಹುದು, ಎಷ್ಟು ತಿಂದ್ರೆ ಅಪಾಯ ಅಂತ ಗೆರೆ ಎಳೆಯೋಕಾಗೋಲ್ಲ. ಅದರಲ್ಲಿರೋ ಟಾರ್ಟಾರಿಕ್ ಆಮ್ಲವೇ ಕಾರಣ ಅಂತ ಈಚೆಗೆ ಹೇಳ್ತಿದ್ದಾರೆ. ಹುಣಸೆಹಣ್ಣಿನಲ್ಲೂ ಅದು ಧಾರಾಳವಾಗಿದೆ. ಆದ್ದರಿಂದ ಪುಳಿಯೋಗರೆ, ಗೊಜ್ಜು ಕೂಡ ಬೇಡ. ಸಾರಂತೂ ಬೇಡವೇ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇರೆ ಇರುತ್ತೆ, ಅವು ರಕ್ತಕಣ ಒಡೀತವೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿರೋ ಕ್ಸೈಲಿಟಾಲ್ ಇನ್ನೂ ಕೆಟ್ಟದ್ದು.

ಅಮ್ಮನಿಗೆ ನನ್ನ ಕಡೆಯಿಂದ ಹೇಳಿ, ಊರಲ್ಲಿ ನನ್ನ ಹತ್ರ ವಾರಕ್ಕೊಬ್ಬರಾದ್ರೂ ಹಬ್ಬದ ಊಟ ಹಾಕಿಯೇ ನಾಯಿ ಹಿಡ್ಕೊಂಡು ಬರ್ತಾರೆ.

ಸ್ಯಾನ್‌ಹೋಸೆ_ಸುಬ್ಬು

ಸಂಸ್ಥೆಗೆ ಹೇಳಿದ್ರಾ? ಮುಚ್ಚಿಡಬೇಡಿ.

ತುಂಗೆತೀರ

ಆಸ್ಪತ್ರೆಯಿಂದಲೇ ಫೋನ್ ಮಾಡಿದ್ದೆ ಸರ್. ಒಂದು ಮಾತೂ ಬೈಲಿಲ್ಲ, ಅದೇ ಇನ್ನೂ ಹೆಚ್ಚು ಅಳು ತರಿಸಿತು.

ಗುಬ್ಬಿವೀರ

ಒಂದು ಸಣ್ಣ ಪ್ರಶ್ನೆ. ನಮ್ಮಪ್ಪನಿಗೆ ಶುಗರ್ ಇದೆ, ರಾತ್ರಿ ಕೆಳಗಿಳಿಯುತ್ತೆ. ಮೂಸಿ ಎಚ್ಚರಿಸೋ ನಾಯಿ ಇದೆಯಂತಲ್ಲ, ಎಲ್ಲಿ ಸಿಗುತ್ತೆ?

ಪಶುವೈದ್ಯೆ_ಹಾಸನ

ಹಾಗೆ ಕಲಿಸಿದ ನಾಯಿಗಳಿವೆ, ಆದರೆ ಒಂದರಂತೆ ಇನ್ನೊಂದಿಲ್ಲ, ತಪ್ಪೋ ಸಂದರ್ಭಗಳೂ ಇವೆ. ಅಪ್ಪನ ಡಾಕ್ಟರ್ ಹತ್ರ ತೋಳಿಗೆ ಅಂಟಿಸೋ ಗ್ಲೂಕೋಸ್ ಸೆನ್ಸರ್ ಬಗ್ಗೆ ಕೇಳಿ, ಅಲಾರಂ ಇರೋದು. ನಾಯಿ ಬೇಕಿದ್ರೆ ಪ್ರೀತಿಗೆ ಸಾಕಿ.

ಲೆಮಿಂಗ್ಟನ್_ಮಳೆ

ತುಂಗೆತೀರ ಅವರೇ, ಕೆಲವು ಕಡೆ ಜೈಲಿನಲ್ಲಿರೋರೂ ಮರಿ ಸಾಕಿ ಕೊಡ್ತಾರೆ, ನ್ಯೂಯಾರ್ಕ್‌ನಲ್ಲಿ 1997ರಿಂದ ನಡೀತಿದೆ. ಬೇರೇನೂ ತಮ್ಮದು ಅಂತ ಇಲ್ಲದವರು ರಾತ್ರಿ ಹಗಲು ಜೊತೆಗಿಟ್ಟುಕೊಂಡು ಬೆಳೆಸಿದ್ದನ್ನ ಕೊಡ್ತಾರೆ. ಅಮ್ಮನಿಗೆ ಇದನ್ನೂ ಹೇಳಿ ನೋಡಿ.

ಎಡಿಸನ್_ಅಪ್ಪ

ಅಮ್ಮನಿಗೆ ನಾನೇ ನೇರವಾಗಿ ಬರೀತೀನಿ, ಓದಿ ಹೇಳಿ.

ಅಮ್ಮಾ, ನಮ್ಮ ನಾಯಿನ ಸಾಕಿದ್ದು ಒಹಾಯೋದ ಒಬ್ಬರು ನಿವೃತ್ತ ಮೇಷ್ಟ್ರು. ಲೀಶ್ ಕೊಡೋವಾಗ ಅವರ ಕೈ ನಡುಗ್ತಿತ್ತು. ನನ್ನ ಮಗನ ಕುರ್ಚಿ ಪಕ್ಕ ಮಂಡಿಯೂರಿ, ನಾಯಿಯ ಇಷ್ಟಗಳನ್ನೆಲ್ಲ ಅವನಿಗೆ ಹೇಳಿಕೊಟ್ರು: ಬಲಗಿವಿ ಹಿಂದೆ ಕೆರೆದ್ರೆ ಖುಷಿ, ಗುಡುಗಿಗೆ ಹೆದರೋಲ್ಲ, ಮಂಜುಗಡ್ಡೆ ಕಡಿಯೋದು ಇಷ್ಟ. ಹದಿನೆಂಟು ತಿಂಗಳು ಯಾರೋ ಮನೆಯಲ್ಲಿ ಅದಕ್ಕೆ ಮನುಷ್ಯರ ಮೇಲೆ ನಂಬಿಕೆ ಹುಟ್ಟಿಸಿದ್ದಾರೆ. ಟ್ರೈನರ್ ಬಾಗಿಲು ತೆರೆಯೋದು ಕಲಿಸಬಹುದು, ಇದನ್ನ ಆರು ತಿಂಗಳಲ್ಲಿ ಕಲಿಸೋಕಾಗೋಲ್ಲ ಅಂತ ಟ್ರೈನರೇ ನನಗೆ ಹೇಳಿದ್ರು. ನನ್ನ ಮಗ ರಾತ್ರಿ ಮಗ್ಗಲು ಬದಲಿಸೋಕೆ ನನ್ನ ಕರೀತಾನೆ. ನಾನು ಹೋಗೋಷ್ಟರಲ್ಲಿ ನಾಯಿ ಎದ್ದು ನಿಂತಿರುತ್ತೆ. ಯಾರೂ ಅದಕ್ಕೆ ಅದನ್ನ ಹೇಳಿಕೊಟ್ಟಿಲ್ಲ.

ತುಂಗೆತೀರ

ಓದಿ ಹೇಳಿದೆ. ಎರಡು ಸಲ ಓದಿಸಿ, "ಆ ಹುಡುಗನ ಹೆಸರೇನು?" ಅಂತ ಕೇಳಿದ್ರು. ಇಲ್ಲಿ ಬರೀಬೇಡಿ, ನನಗೆ ಬೇರೆಯಾಗಿ ಹೇಳಿ ಸರ್. ಅರ್ಚನೆ ಮಾಡಿಸಬೇಕಂತೆ.

ಮಲ್ಲಿಗೆಮಾಲೆ

14 ಆಯ್ತಲ್ಲ ಅಕ್ಕ, ಏನಾಯ್ತು?

ತುಂಗೆತೀರ

ಬಿಟ್ಟು ಬಂದ್ವಿ. ಅಮ್ಮನೂ ಬಂದಿದ್ರು. ಬೆಳಗ್ಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ್ರು. ಅಲ್ಲಿಗೆ ಹೋದ ಮೇಲೆ ಟ್ರೈನರ್ ಹುಡುಗಿ ಕೈಗೆ ಲೀಶ್ ಕೊಟ್ಟೆ, ಹೇಜೆಲ್ ಬಾಲ ಆಡಿಸ್ತಾ ಹೋದಳು. ನಮ್ಮನ್ನ ಬಿಟ್ಟು ಅಷ್ಟು ಆರಾಮಾಗಿ ಹೋಗ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ಹಾಗೆ ಹೋಗೋದೇ ಸರಿಯಾಗಿ ಬೆಳೆಸಿದ್ದರ ಗುರುತು ಅಂದಳು ಆ ಹುಡುಗಿ.

ಒಂದು ವಿಷಯ ನಿಮಗೆ ಹೇಳಿರಲಿಲ್ಲ. ಮೂತ್ರಕ್ಕೆ ಹೋಗು ಅನ್ನೋಕೆ ಈ ಸಂಸ್ಥೆಯ ಆಜ್ಞೆ 'ಹರಿ', ಅಂದ್ರೆ ಬೇಗ ಅಂತ. ಅಮ್ಮ ಬಂದ ಹೊಸದರಲ್ಲಿ "ದೇವರ ಹೆಸರು ಹೇಳಿ ನಾಯಿಗೆ ಉಚ್ಚೆ ಹೊಯ್ಯಿಸ್ತೀರಾ" ಅಂತ ಸಿಟ್ಟಾಗಿದ್ರು. ಆಮೇಲೆ ಬೆಳಗಿನ ಜಾವ ಅವರೇ ಅಂಗಳಕ್ಕೆ ಕರ್ಕೊಂಡು ಹೋಗಿ "ಹರಿ ಹರಿ" ಅನ್ನೋರು. ವಾಪಸ್ ಬರೋವಾಗ ಕಾರಿನಲ್ಲಿ ಒಂದು ಗಂಟೆ ಮಾತಿಲ್ಲ. ಆಮೇಲೆ, "ಅಲ್ಲಿ ಇವಳಿಗೆ 'ಹರಿ' ಅನ್ನೋರು ಯಾರೇ?" ಅಂದ್ರು. ಅವರೂ ಅದನ್ನೇ ಅಂತಾರಮ್ಮ ಅಂದೆ. ಸೆರಗಿನಲ್ಲಿ ಮುಖ ಒರೆಸ್ಕೊಂಡ್ರು.

ಬಿಳಿಕೋಲು

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಊರಿಗೆ ಬಂದಾಗ ಮೈಸೂರಿಗೂ ಬರಲಿ.

ಹಳ್ಳಿಹೈದ

ಭಾನುವಾರದ_ಭೇಟಿ ಅವರೇ, ನಮ್ಮ ಮನೆ ನಾಯಿಗೆ ಎರಡು ವರ್ಷ, ಬಹಳ ಸಮಾಧಾನದ್ದು. ಮಂಡ್ಯದಲ್ಲಿ ಒಂದು ವೃದ್ಧಾಶ್ರಮ ಇದೆ, ಕೇಳಿದ್ರೆ ಒಪ್ಪಬಹುದು. ಏನು ತಯಾರಿ ಬೇಕು?

ಭಾನುವಾರದ_ಭೇಟಿ

ಮೊದಲು ರೇಬೀಸ್ ಲಸಿಕೆ ಕಾರ್ಡ್, ಜಂತುಹುಳದ ಔಷಧಿ ಕೊಟ್ಟ ದಿನಾಂಕ. ಇವೆರಡಿಲ್ಲದೆ ಗೇಟೂ ದಾಟಬೇಡಿ. ಹಿಂದಿನ ದಿನ ಸ್ನಾನ, ಉಗುರು ಕತ್ತರಿಸಿ ಉಜ್ಜಿರಬೇಕು, ವಯಸ್ಸಾದವರ ಚರ್ಮ ಕಾಗದದ ಹಾಗಿರುತ್ತೆ. ಮೊದಲ ಸಲ ನಾಯಿ ಬಿಟ್ಟು ನೀವೊಬ್ಬರೇ ಹೋಗಿ, ಯಾರಿಗೆ ನಾಯಿ ಭಯ, ಯಾರಿಗೆ ಅಲರ್ಜಿ ಕೇಳಿ ಬನ್ನಿ. ಎರಡನೇ ಸಲ ಹೊರಗಿನ ಅಂಗಳದಲ್ಲಿ ಹದಿನೈದು ನಿಮಿಷ ಕೂರಿಸಿ, ಯಾರು ತಾವಾಗಿ ಹತ್ತಿರ ಬರ್ತಾರೋ ಅವರು ಬರಲಿ. ನಿಮ್ಮ ನಾಯಿ ಹೆಸರೇನು?

ಹಳ್ಳಿಹೈದ

ರಾಜ. ನಾಳೆ ಬೆಳಗ್ಗೆಯೇ ಲಸಿಕೆ ಹಾಕಿಸ್ತೀನಿ, ಹೋದ ವರ್ಷದ್ದು ತಪ್ಪಿಹೋಗಿದೆ.